ಹೊಕ್ಕುಳು ಕತ್ತರಿಸಿದ ಉಶಾಕ್ ಕಾರ್ಪೆಟ್: ಒಂದು ಪ್ರಕರಣ ಅಧ್ಯಯನ

ನನ್ನ ಗೆಳತಿಯ ಮನೆ ಇಜ್ಮಿರ್‌ನ ಕರ್ಶಿಯಾಕದಲ್ಲಿದೆ. ಅವಳು ಮೈಸೂರಿನವಳು. ಓದುವಾಗ ಹಾಸ್ಟೆಲ್‌ನಲ್ಲಿ ಇಬ್ಬರದೂ ಒಂದೇ ರೂಮು. ಮದುವೆಯಾಗಿ ಟರ್ಕಿಗೆ ಹೋಗಿ ಹದಿನಾರು ವರ್ಷ ಆಯಿತು. ನಾನು ಹಳೆಯ ಬಟ್ಟೆಗಳ ಕೆಲಸದಲ್ಲಿದ್ದೇನೆ. ಸೀರೆ, ಶಾಲು, ಪರದೆ, ಕಾರ್ಪೆಟ್, ಯಾವುದೇ ಇರಲಿ, ಎಲ್ಲಿ ಹಾಳಾಗಿದೆ, ಯಾಕೆ ಹಾಳಾಗಿದೆ, ಇನ್ನಷ್ಟು ಕೆಡದಂತೆ ಏನು ಮಾಡಬಹುದು ಎಂದು ನೋಡುವುದು ನನ್ನ ಕೆಲಸ.

ಫೆಬ್ರವರಿಯಲ್ಲಿ ಅವಳ ಫೋನ್ ಬಂತು. "ಅತ್ತೆ ಹಳೇ ಕಾರ್ಪೆಟ್ ನಂಗೇ ಕೊಡ್ತಾರಂತೆ ಕಣೇ. ಮೈಸೂರಿಗೆ ತಗೊಂಡು ಹೋಗಿ ಅಪ್ಪನ ಮನೆ ಹಾಲ್‌ನಲ್ಲಿ ಹಾಸ್ಬೇಕು ಅಂತ ಆಸೆ. ಅಂಗಡಿಯವರು ಬಂದು ನೋಡಿ ಒಂದು ಹೇಳ್ತಾರೆ, ನನ್ನ ಗಂಡ ಇನ್ನೊಂದು ಹೇಳ್ತಾರೆ. ನೀನೇ ಬಂದು ಒಂದ್ಸಲ ನೋಡು."

ಬೇರೆ ಕೆಲಸಕ್ಕೆ ಇಸ್ತಾಂಬುಲ್‌ಗೆ ಹೋಗುವುದಿತ್ತು. ಹಾಗೇ ಮೂರು ದಿನ ಇಜ್ಮಿರ್‌ಗೂ ಹೋಗಿಬಂದೆ.

ಅವಳ ಅತ್ತೆಗೆ ಎಂಬತ್ತು ದಾಟಿದೆ. ಮನೆಯಲ್ಲಿ ಎಲ್ಲರೂ ಅವರನ್ನು 'ಆನ್ನೆ' ಅನ್ನುತ್ತಾರೆ, ಅಂದರೆ ಅಮ್ಮ. ಕಾರ್ಪೆಟ್ ಇದ್ದದ್ದು 'ಮಿಸಾಫಿರ್ ಒದಾಸಿ'ಯಲ್ಲಿ, ಅಂದರೆ ಅತಿಥಿಗಳ ಕೋಣೆಯಲ್ಲಿ. ನಮ್ಮ ಮುಸಾಫಿರಖಾನೆಯ ಮುಸಾಫಿರನೇ ಅಲ್ಲಿ ಮಿಸಾಫಿರ್ ಆಗಿದ್ದಾನೆ. ಹಬ್ಬಕ್ಕೆ, ನೆಂಟರು ಬಂದಾಗ ಮಾತ್ರ ಬಾಗಿಲು ತೆಗೆಯುವ ಕೋಣೆ ಅದು. ಮಧ್ಯೆ ದೊಡ್ಡ ಊಟದ ಮೇಜು, ಗೋಡೆಗೆ ಒತ್ತಿ ಗಾಜಿನ ಕಪಾಟು, ಕೊಲ್ಲಿಯ ಕಡೆಗೆ ಎರಡು ಕಿಟಕಿ. ಇಷ್ಟು ಕೇಳಿದರೇ ಕಾರ್ಪೆಟ್ಟಿನ ಅರ್ಧ ಕಾಯಿಲೆ ಊಹಿಸಬಹುದು. ಕಿಟಕಿ ಹತ್ತಿರ ಬಿಸಿಲು, ಕಪಾಟಿನ ಕೆಳಗೆ ಕತ್ತಲು, ಮೇಜಿನ ಕಾಲಿನ ಕೆಳಗೆ ಭಾರ.

ಮೇಜು ಸರಿಸಿದ ಮೇಲೆ ಪೂರ್ತಿ ಕಂಡಿತು. ಅಗಲ 2 ಮೀಟರ್ 90 ಸೆಂಟಿಮೀಟರ್, ಉದ್ದ 3 ಮೀಟರ್ 65. ಕೆಂಪು ನೆಲ, ನಡುವೆ ಕಡುನೀಲಿಯ ದೊಡ್ಡ ಪದಕ, ಎರಡೂ ಪಕ್ಕದಲ್ಲಿ ಅಂಚಿಗೆ ಸಿಕ್ಕಿ ಅರ್ಧಕ್ಕೆ ನಿಂತ ತಿಳಿನೀಲಿ ಪದಕಗಳು. ಇಂಗ್ಲಿಷಿನವರು ಮೆಡಾಲಿಯನ್ ಅನ್ನುವುದಕ್ಕೆ ಟರ್ಕಿಯ ನೇಕಾರರು 'ಗೋಬೆಕ್' ಅನ್ನುತ್ತಾರೆ, ಅಂದರೆ ಹೊಕ್ಕುಳು. ನನಗೆ ಆ ಹೆಸರೇ ಇಷ್ಟ.

ಈ ವಿನ್ಯಾಸದ ಊರು ಉಶಾಕ್. ಇಜ್ಮಿರ್‌ನಿಂದ ಪೂರ್ವಕ್ಕೆ, ಪಶ್ಚಿಮ ಅನತೋಲಿಯದಲ್ಲಿದೆ. 15ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ದೊಡ್ಡ ದೊಡ್ಡ ಪದಕದ ಕಾರ್ಪೆಟ್‌ಗಳನ್ನು ನೇಯಲು ಶುರುಮಾಡಿದರು. ಅದಕ್ಕೂ ಮುಂಚಿನ ಟರ್ಕಿ ಕಾರ್ಪೆಟ್‌ಗಳಲ್ಲಿ ಚೌಕ, ನಕ್ಷತ್ರದಂಥ ಕೋನದ ಆಕಾರಗಳೇ ಜಾಸ್ತಿ. ಪದಕ, ಬಳ್ಳಿ, ಬಾಗಿದ ಗೆರೆಗಳು ಪುಸ್ತಕದ ರಟ್ಟಿನ ಅಲಂಕಾರದಿಂದ, ಅರಮನೆಯ ಚಿತ್ರಗಾರರ ಕೈಯಿಂದ ಮಗ್ಗಕ್ಕೆ ಬಂದವು. ಈ ಕಾರ್ಪೆಟ್‌ಗಳು ಯುರೋಪಿಗೂ ಹೋದವು. ಅಲ್ಲಿ ಶ್ರೀಮಂತರು ನೆಲಕ್ಕೆ ಹಾಸದೆ ಮೇಜಿನ ಮೇಲೆ ಹಾಸಿದರು. ಡಚ್ ಚಿತ್ರಕಾರ ವರ್ಮೀರ್‌ನ 'ಸಂಗೀತ ಪಾಠ'ದ ಚಿತ್ರದಲ್ಲಿ ಮೇಜಿನ ಮೇಲೆ ಬಿದ್ದಿರುವುದು ಇದೇ ಜಾತಿಯದು.

ಆನ್ನೆಯ ಮನೆಯಲ್ಲಿ ಕಾರ್ಪೆಟ್ಟಿಗೆ 300 ವರ್ಷ ಅಂತ ನಂಬಿಕೆ. ಅರಮನೆಯಿಂದ ಬಂದದ್ದಂತೆ. ನಮ್ಮಲ್ಲೂ ಅಷ್ಟೇ ಅಲ್ವಾ, ಅಟ್ಟದ ಮೇಲಿನ ಪ್ರತಿ ಹಿತ್ತಾಳೆ ಚೊಂಬೂ ಯಾವುದಾದರೂ ಸಂಸ್ಥಾನದ್ದೇ. ನೋಡಲು ಬಂದ ಅಂಗಡಿಯವರು ವಯಸ್ಸಿನ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಅವರ ಸಲಹೆ ಒಂದೇ: ಸವೆದ ಕಡೆ ಹೊಸ ಗಂಟು ಹಾಕಿ, ಒಮ್ಮೆ ತೊಳೆದು, ಮೇಲೆ ಸಮವಾಗಿ ಕತ್ತರಿಸಿದರೆ ಹೊಸದರಂತೆ ಆಗುತ್ತದೆ. ಆಮೇಲೆ ಬೇಕಾದರೆ ತಾವೇ ಕೊಳ್ಳುತ್ತೇವೆ.

ಕಾರ್ಪೆಟ್ಟಿನ ಸತ್ಯ ಇರುವುದು ಹಿಂಬದಿಯಲ್ಲಿ. ಹಾಗಾಗಿ ಮೊದಲು ಅದನ್ನು ಮಗುಚಿ ಹಾಕಿದೆವು. ಮೂರು ಜನ ಬೇಕಾಯಿತು.

ನವಲಗುಂದದ ಜಮಖಾನೆ ನೋಡಿದವರಿಗೆ ಒಂದು ಮಾತು ಹೇಳಬೇಕು. ಜಮಖಾನೆಯಲ್ಲಿ ಉದ್ದಕ್ಕೆ ಓಡುವ ಹಾಸು, ಅಡ್ಡಕ್ಕೆ ಓಡುವ ಹೊಕ್ಕು, ಎರಡೇ ನೂಲು. ಹೊಕ್ಕಿನ ನೂಲೇ ಚಿತ್ತಾರ. ಇಲ್ಲಿ ಮೂರನೆಯದೊಂದು ಇರುತ್ತದೆ. ಎರಡು ಹಾಸಿನ ಎಳೆಗೆ ಒಂದು ಉಣ್ಣೆ ತುಂಡನ್ನು ಗಂಟುಹಾಕಿ ಅದರ ಎರಡೂ ತುದಿಯನ್ನು ಮೇಲೆ ನಿಲ್ಲಿಸುತ್ತಾರೆ. ಹಾಗೆ ನಿಂತ ಉಣ್ಣೆಯನ್ನು ಪೈಲ್ ಅನ್ನುತ್ತೇವೆ. ಗಂಟಿನ ಸಾಲು ಮುಗಿದ ಮೇಲೆ ಹೊಕ್ಕು ಹೊಡೆಯುತ್ತಾರೆ. ಟರ್ಕಿಯ ಗಂಟು ಎರಡೂ ಎಳೆಯನ್ನು ಸಮನಾಗಿ ಸುತ್ತಿಕೊಳ್ಳುತ್ತದೆ. ಗೋರ್ದೆಸ್ ಎಂಬ ಊರಿನ ಹೆಸರಿನಿಂದ ಅದನ್ನು ಕರೆಯುತ್ತಾರೆ.

ಇದರಲ್ಲಿ ಹಾಸು, ಹೊಕ್ಕು, ಪೈಲ್ ಮೂರೂ ಉಣ್ಣೆ. ಹೊಕ್ಕಿಗೆ ಕೆಂಪು ಬಣ್ಣ ಹಾಕಿದ್ದರು. ಇದು ಉಶಾಕಿನ ಹಳೆಯ ಪದ್ಧತಿ. 10 ಸೆಂಟಿಮೀಟರ್ ಅಳತೆಯಲ್ಲಿ ಅಡ್ಡಕ್ಕೆ 19 ಗಂಟು, ಉದ್ದಕ್ಕೆ 22 ಸಿಕ್ಕವು. ಒಂದು ಚದರ ಡೆಸಿಮೀಟರಿಗೆ 418. ಅರಮನೆ ಕಾಲದ ಪದಕದ ಉಶಾಕ್‌ಗಳಲ್ಲಿ ಇದು ಸಾವಿರ ದಾಟಿರುತ್ತದೆ. 300 ವರ್ಷದ ನಂಬಿಕೆಗೆ ಇಲ್ಲೇ ಮೊದಲ ಪೆಟ್ಟು ಬಿತ್ತು.

ಎರಡನೆಯ ಪೆಟ್ಟು ಬಣ್ಣದಿಂದ ಬಂತು. ಅಂಚಿನ ಹೂಗಳಲ್ಲಿ ಕೆಲವು ಮುಂದಿನಿಂದ ನೋಡಿದರೆ ಬೂದಿ ಬಣ್ಣ. ಹಿಂಬದಿಯಲ್ಲಿ ಅದೇ ಹೂ ಕಣ್ಣು ಕುಕ್ಕುವ ನೇರಳೆಗೆಂಪು. ಪೈಲ್ ಬಿಡಿಸಿ ಬುಡ ನೋಡಿದರೆ ಅಲ್ಲೂ ನೇರಳೆ. ತುದಿ ಮಾತ್ರ ಬೂದಿ. ಬೇರು, ಎಲೆಯಿಂದ ತೆಗೆದ ಒಳ್ಳೆಯ ಬಣ್ಣ ಬಿಸಿಲಿಗೆ ಮಾಸುವುದು ನಿಧಾನ. ತುದಿಗೂ ಬುಡಕ್ಕೂ ಇಷ್ಟೊಂದು ಅಂತರ ಬಿದ್ದಿದೆ ಎಂದರೆ ಅದು ಮೊದಮೊದಲ ಕೃತಕ ಬಣ್ಣ. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕೃತಕ ನೇರಳೆಯನ್ನು ಕಂಡುಹಿಡಿದ. ಮುಂದಿನ ಕೆಲವೇ ದಶಕಗಳಲ್ಲಿ ಅಂಥ ಬಣ್ಣದ ಪುಡಿ ಅನತೋಲಿಯದ ಸಂತೆಗಳಲ್ಲೂ ಅಗ್ಗಕ್ಕೆ ಸಿಗತೊಡಗಿತು. ನೆಲದ ಕೆಂಪು ಮಾತ್ರ ಬೇರೆ ತರಹ ಇತ್ತು. ಬುಡದಿಂದ ತುದಿವರೆಗೆ ಒಂದೇ ಹದ. ಅದು ನಮ್ಮ ಮಂಜಿಷ್ಠದ ಬಳಗದ ಬೇರಿನ ಬಣ್ಣ ಇರಬೇಕು. ಅಲ್ಲಿ ಅದಕ್ಕೆ 'ಕೋಕ್ ಬೊಯಾ' ಅನ್ನುತ್ತಾರೆ, ಬೇರಿನ ಬಣ್ಣ ಅಂತಲೇ ಅರ್ಥ.

ನೂಲಿನಲ್ಲೂ ಒಂದು ಸುಳಿವಿತ್ತು. ಎಳೆ ಎಲ್ಲ ಕಡೆ ಒಂದೇ ದಪ್ಪ ಇಲ್ಲ. ಕೈಯಲ್ಲಿ ನೂತದ್ದು. 19ನೇ ಶತಮಾನದ ಕೊನೆಗೆ ಇಜ್ಮಿರ್‌ನ ವ್ಯಾಪಾರಿಗಳ ಮೂಲಕ ಉಶಾಕ್ ಕಾರ್ಪೆಟ್‌ಗಳಿಗೆ ಯುರೋಪಿನಿಂದ ಬೇಡಿಕೆ ಹೆಚ್ಚಾಯಿತು. ಆಮೇಲೆ ಉಶಾಕಿಗೆ ನೂಲುವ ಕಾರ್ಖಾನೆಗಳು ಬಂದವು. ನೂತು ಬದುಕುತ್ತಿದ್ದ ಹೆಂಗಸರ ಕೈಕೆಲಸ ಹೋಯಿತು. 1908ರಲ್ಲಿ ಅವರೂ ಮಕ್ಕಳೂ ಸೇರಿ ಕಾರ್ಖಾನೆಗಳಿಗೆ ನುಗ್ಗಿಬಿಟ್ಟರು. ಇಲ್ಲಿರುವುದು ಆ ಕೈಗಳು ನೂತ ನೂಲಿನಂತೆಯೇ ಕಾಣುತ್ತಿತ್ತು. ಬಣ್ಣ, ನೂಲು, ಗಂಟು ಮೂರನ್ನೂ ಒಟ್ಟಿಗೆ ಇಟ್ಟು ನಾನು ಬರೆದುಕೊಂಡದ್ದು: 19ನೇ ಶತಮಾನದ ಕೊನೆಯ ಭಾಗ, ಹೆಚ್ಚೆಂದರೆ 20ನೆಯದರ ಮೊದಲ ಕೆಲವು ವರ್ಷ. ಹಳೆಯ ವಿನ್ಯಾಸವನ್ನು ದೊಡ್ಡ ಗಂಟಿನಲ್ಲಿ ಮತ್ತೆ ನೇಯ್ದದ್ದು. ಅರಮನೆಯದಲ್ಲ. ಆದರೆ ನೂರು ದಾಟಿದ ನಿಜವಾದ ಉಶಾಕ್.

ಇಷ್ಟು ಹೊತ್ತಿಗೆ ನನಗೆ ಸ್ವಲ್ಪ ಧೈರ್ಯ ಬಂದಿತ್ತು. ಅಲ್ಲೇ ಎಡವಿದೆ.

ಹಿಂಬದಿಯಲ್ಲಿ, ಸರಿಯಾಗಿ ನಡುವೆ, ಅಡ್ಡಕ್ಕೆ ಒಂದು ಗೆರೆ ಇತ್ತು. ಆ ಕಡೆಯ ಹಾಸಿನ ಎಳೆಗಳು ಈ ಕಡೆಗೆ ಮುಂದುವರಿಯುತ್ತಿರಲಿಲ್ಲ. ದಪ್ಪ ಹತ್ತಿ ದಾರದಿಂದ ಹೊಲಿದಿದ್ದರು. ಮುಂದೆ ತಿರುಗಿಸಿ ಪದಕ ಅಳೆದೆ. ಅಗಲ 1 ಮೀಟರ್ 30, ಎತ್ತರ ಬರೀ 95 ಸೆಂಟಿಮೀಟರ್. ಉಶಾಕಿನ ಹೊಕ್ಕುಳು ಅಗಲಕ್ಕಿಂತ ಎತ್ತರ ಜಾಸ್ತಿ ಇರುತ್ತದೆ. ಇದು ಒತ್ತಿದ ದೋಸೆ ಹಿಟ್ಟಿನಂತೆ ಅಡ್ಡಕ್ಕೆ ಹರಡಿತ್ತು. ಬಳ್ಳಿಗಳೂ ಗೆರೆಯ ಹತ್ತಿರ ಬಂದು ಒಂದಕ್ಕೊಂದು ಸಿಗದೆ ನಿಂತಿದ್ದವು. ನಡುವಿನಿಂದ ಸುಮಾರು 45 ಸೆಂಟಿಮೀಟರಿನ ಪಟ್ಟಿಯನ್ನೇ ಯಾರೋ ತೆಗೆದುಹಾಕಿದ್ದರು.

ವ್ಯಾಪಾರದಲ್ಲಿ ಇದು ಹಳೆಯ ಕೈಚಳಕ. ನಡುವೆ ಸವೆದುಹೋದ ಕಾರ್ಪೆಟ್ಟನ್ನು ಕತ್ತರಿಸಿ, ಎರಡು ಒಳ್ಳೆಯ ತುದಿಗಳನ್ನು ಜೋಡಿಸಿದರೆ ನಾಲ್ಕೂ ಕಡೆ ಅಂಚು ಉಳಿಯುತ್ತದೆ. ಕೊಳ್ಳುವವರು ಅಂಚು ನೋಡಿ ಪೂರ್ತಿ ಇದೆ ಅಂದುಕೊಳ್ಳುತ್ತಾರೆ. ನಾನು ತಡೆಯದೆ ಅಂದುಬಿಟ್ಟೆ: "ನಿಮ್ಮ ಮನೆಯವರಿಗೆ ಯಾರೋ ಮೋಸ ಮಾಡಿದ್ದಾರೆ. ಕತ್ತರಿಸಿದ್ದನ್ನು ಮಾರಿದ್ದಾರೆ."

ಗೆಳತಿ ಅದನ್ನು ಟರ್ಕಿಶ್‌ನಲ್ಲಿ ಹೇಳಿದಳು. ಆನ್ನೆ ಮೊದಲು ಸುಮ್ಮನಿದ್ದರು. ಆಮೇಲೆ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು.

ಕತ್ತರಿಸಿದ್ದು ಅವರ ಗಂಡ. 1968ರಲ್ಲಿ. ಅದಕ್ಕೂ ಮುಂಚೆ ಅವರಿದ್ದದ್ದು ಮರದ ಹಳೆಯ ದೊಡ್ಡ ಮನೆಯಲ್ಲಿ. 1965ರಲ್ಲಿ ಟರ್ಕಿಯಲ್ಲಿ ಫ್ಲ್ಯಾಟುಗಳನ್ನು ಒಂದೊಂದಾಗಿ ಸ್ವಂತ ಮಾಡಿಕೊಳ್ಳುವ ಕಾನೂನು ಬಂತು. ಊರಿಗೆ ಊರೇ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿತು. ಇವರಿಗೂ ಒಂದು ಫ್ಲ್ಯಾಟ್ ಬಂತು. ಕಾರ್ಪೆಟ್ ಹಾಸಲು ಹೋದರೆ ಕೋಣೆಗಿಂತ ಮೊಳದಷ್ಟು ಉದ್ದ. ಒಂದು ತಿಂಗಳು ಗೋಡೆ ಬಳಿ ಮಡಚಿಟ್ಟರು. ಬಂದವರೆಲ್ಲ ಎಡವಿದರು. ಕೊನೆಗೆ ಅವರ ಗಂಡ ಒಬ್ಬ ದರ್ಜಿಯನ್ನು ಕರೆತಂದರು. ಕಾರ್ಪೆಟ್ ರಿಪೇರಿಯವನಲ್ಲ, ಕೋಟು ಹೊಲಿಯುವವನು. ಆನ್ನೆ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದರಂತೆ. ಅದು ಅವರ ತಾಯಿಯ ಮನೆಯಿಂದ ಬಂದ ಕಾರ್ಪೆಟ್.

"ಆ ಪಟ್ಟಿ ಏನಾಯಿತು?" ಅಂತ ಕೇಳಿದೆ. ದಿಂಬಿನ ಗವಸು ಆಯಿತಂತೆ. ಆರು ಮಾಡಿಸಿದ್ದರು. ಎರಡು ಇನ್ನೂ ನಾದಿನಿಯ ಮನೆಯಲ್ಲಿವೆ.

ಮಾರನೇ ದಿನ ದಿಂಬುಗಳು ಬಂದವು. ನನ್ನ ಪಾಲಿಗೆ ಇಡೀ ಪ್ರಕರಣದಲ್ಲಿ ಅದೇ ದೊಡ್ಡ ಲಾಭ. ಒಂದರ ಹೊಲಿಗೆ ಬಿಚ್ಚಿ ಒಳಗೆ ಮಡಚಿದ ಎರಡು ಬೆರಳಗಲದ ಭಾಗ ನೋಡಿದೆ. 1968ರಿಂದ ಆ ಜಾಗಕ್ಕೆ ಬೆಳಕು ಬಿದ್ದಿಲ್ಲ, ಕಾಲು ತಾಗಿಲ್ಲ. ಅಲ್ಲಿ ಕಿತ್ತಳೆ ಬಣ್ಣ ಮಾವಿನ ಹೋಳಿನಂತೆ ಹೊಳೆಯುತ್ತಿತ್ತು. ನೆಲದ ಮೇಲಿನ ಕಾರ್ಪೆಟ್ಟಿನಲ್ಲಿ ಅದೇ ಬಣ್ಣ ಒಣಹುಲ್ಲಿನಂತಾಗಿದೆ. ಕೆಂಪು, ನೀಲಿ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅಂದರೆ ಬಣ್ಣ ಕೆಡಿಸಿದ್ದರಲ್ಲಿ ದೊಡ್ಡ ಪಾಲು ಈ ಫ್ಲ್ಯಾಟಿನ ಕಿಟಕಿಗಳದು, ಹಳೆಯ ಮನೆಯದಲ್ಲ. ಮೇಜಿನ ಕೆಳಗಿದ್ದ ಭಾಗವನ್ನೂ ಕಿಟಕಿ ಬಳಿಯ ಭಾಗವನ್ನೂ ಪಕ್ಕಪಕ್ಕ ನೋಡಿದಾಗ ಅದು ಇನ್ನೂ ಗಟ್ಟಿಯಾಯಿತು.

ಸವೆತದ ವಿಷಯಕ್ಕೆ ಬರುತ್ತೇನೆ. ಮೇಲ್ನೋಟಕ್ಕೆ ಕೆಂಪು ನೆಲ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಕೈಯಾಡಿಸಿದರೆ ಗೊತ್ತಾಗುತ್ತದೆ, ಎಷ್ಟೋ ಕಡೆ ಪೈಲೇ ಇಲ್ಲ. ಪೈಲ್ ಹೋದ ಮೇಲೆ ಕೆಳಗಿನ ಕೆಂಪು ಹೊಕ್ಕು ಕಾಣುತ್ತದೆ. ಅದೂ ಕೆಂಪೇ ಆದ್ದರಿಂದ ಕಣ್ಣಿಗೆ ಮೋಸ. ಕಡುನೀಲಿ ಹೊಕ್ಕುಳಿನಲ್ಲಿ ಈ ಆಟ ನಡೆಯುವುದಿಲ್ಲ. ನೀಲಿ ಸವೆದರೆ ಕೆಂಪು ಇಣುಕಬೇಕು. ಇಲ್ಲಿ ಇಣುಕುತ್ತಿರಲಿಲ್ಲ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಮೆಲ್ಲಗೆ ಒತ್ತಿದೆ. ನೀಲಿ ಬಂತು. ಶಾಯಿ ಹಚ್ಚಿದ್ದರು. ಯಾವಾಗಲೋ ತೊಳೆಯಲು ಕೊಟ್ಟಾಗ ಯಾರೋ 'ಸರಿ' ಮಾಡಿ ಕಳಿಸಿದ್ದಾರೆ. ಮನೆಯವರಿಗೆ ಇದು ಗೊತ್ತೇ ಇರಲಿಲ್ಲ. ಮೋಸ ಇದ್ದದ್ದು ಇಲ್ಲಿ, ನಾನು ಬೆರಳು ತೋರಿಸಿದ ಕಡೆ ಅಲ್ಲ.

ಚಿತ್ತಾರಗಳ ಸುತ್ತ ಕಡುಕಂದು ಗೆರೆಗಳಿವೆ. ಅಲ್ಲೆಲ್ಲ ಪೈಲ್ ತಗ್ಗಿದೆ, ಕೆತ್ತಿದ ಹಾಗೆ. ಇದು ಕಾಲಿನ ಸವೆತ ಅಲ್ಲ. ಕಂದು, ಕಪ್ಪು ಬರಲು ಬಣ್ಣಕ್ಕೆ ಕಬ್ಬಿಣದ ಅಂಶ ಹಾಕುತ್ತಿದ್ದರು. ಅದು ವರ್ಷಗಳು ಕಳೆದಂತೆ ಉಣ್ಣೆಯನ್ನೇ ತಿಂದುಬಿಡುತ್ತದೆ. ಇದಕ್ಕೆ ಔಷಧಿ ಇಲ್ಲ. ಇದನ್ನು ದೋಷ ಅಂತಲೂ ನಾನು ಬರೆಯುವುದಿಲ್ಲ, ವಯಸ್ಸು ಅಂತ ಬರೆಯುತ್ತೇನೆ.

ನಿಜವಾದ ತುರ್ತು ಇದ್ದದ್ದು ಗಾಜಿನ ಕಪಾಟಿನ ಕೆಳಗೆ. ಕಪಾಟು ಎತ್ತಿದಾಗ ಅಂಗೈಯಷ್ಟು ಅಗಲದ ಬೋಳು ಜಾಗಗಳು ಏಳು ಸಿಕ್ಕವು. ಮೇಲೆ ಅಕ್ಕಿಯ ಕಾಳಿನಂಥ ರೇಷ್ಮೆ ಕೊಳವೆಗಳು, ಮರಳಿನಂಥ ಹಿಕ್ಕೆ. ಟರ್ಕಿಶ್‌ನಲ್ಲಿ 'ಗುವೆ', ನಮ್ಮಲ್ಲಿ ನುಸಿ. ಹಾರುವ ಚಿಟ್ಟೆ ಏನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿ. ಕತ್ತಲು, ನಿಶ್ಶಬ್ದ, ಗುಡಿಸದ ಮೂಲೆ, ಉಣ್ಣೆ. ವರ್ಷಕ್ಕೆ ನಾಲ್ಕು ಸಲ ಬಾಗಿಲು ತೆಗೆಯುವ ಕೋಣೆಗಿಂತ ಅದಕ್ಕೆ ಒಳ್ಳೆಯ ಮನೆ ಬೇಕೇ? ಒಂದು ಕೊಳವೆಯನ್ನು ಸೂಜಿಯಿಂದ ಬಿಡಿಸಿದೆ. ಮರಿ ಜೀವಂತ ಇತ್ತು. ಗೆಳತಿ ಎರಡು ಹೆಜ್ಜೆ ಹಿಂದೆ ಹೋದಳು.

ಇನ್ನೊಂದು ತೊಂದರೆ ನಡುವಿನ ಹೊಲಿಗೆ. ದರ್ಜಿಯ ಹತ್ತಿ ದಾರ ಗಟ್ಟಿ, ಸುತ್ತಲಿನ ಉಣ್ಣೆ ಹಾಸು ಮೆತ್ತಗೆ. ಕಾಲಿಟ್ಟಾಗಲೆಲ್ಲ ದಾರ ಉಣ್ಣೆಯನ್ನು ಕೊಯ್ಯುತ್ತದೆ. ಒಂದು ಕಡೆ 20 ಸೆಂಟಿಮೀಟರ್ ಬಿಚ್ಚಿಕೊಂಡಿತ್ತು. ಅಲ್ಲಿ ದಾರ ತುಂಡಾಗಿರಲಿಲ್ಲ, ಕಾರ್ಪೆಟ್ ಹರಿದಿತ್ತು.

ಇನ್ನು ಅಂಗಡಿಯವರ ಸಲಹೆ. ಪೂರ್ತಿ ಬೋಳಾದ ಜಾಗವೆಲ್ಲ ಸೇರಿ ಸುಮಾರು 60 ಚದರ ಡೆಸಿಮೀಟರ್. 418ರಿಂದ ಗುಣಿಸಿದರೆ 25,000ಕ್ಕೂ ಮೀರಿ ಗಂಟು. ಮಗ್ಗದ ಮೇಲಲ್ಲ, ಸೂಜಿಯಲ್ಲಿ ಒಂದೊಂದಾಗಿ. ಮಾಡಬಲ್ಲವರು ಇದ್ದಾರೆ. ಅಕ್ಸರಾಯ್ ಹತ್ತಿರದ ಸುಲ್ತಾನ್‌ಹಾನಿ ಎಂಬ ಊರು ಇದಕ್ಕೇ ಹೆಸರುವಾಸಿ, ದೂರದ ದೇಶಗಳಿಂದ ಹರಿದ ಕಾರ್ಪೆಟ್‌ಗಳು ಅಲ್ಲಿಗೆ ಬರುತ್ತವೆ. ಅವರ ಕೈಗೆ ನಾನು ದೊಡ್ಡ ಅಭಿಮಾನಿ. ಆದರೆ ಇಲ್ಲಿ ಬೇಡ ಅಂದೆ. ಹೊಸ ಗಂಟು ಕೂರಿಸಲು ನಿತ್ರಾಣವಾದ ಹಾಸನ್ನು ಎಳೆದು ಬಿಗಿಯಬೇಕು. ಆಮೇಲೆ ಹೊಸ ಪೈಲಿಗೆ ಸಮ ಮಾಡಲು ಚೆನ್ನಾಗಿರುವ ಹಳೆಯ ಪೈಲನ್ನೂ ಕತ್ತರಿಸಬೇಕು. ಉಳಿದಿರುವುದನ್ನು ಕೊಟ್ಟು ಹೋದದ್ದನ್ನು ಕೊಂಡ ಹಾಗೆ. ಖರ್ಚೂ ಕಾರ್ಪೆಟ್ಟಿನ ಬೆಲೆಯನ್ನು ಮೀರುತ್ತಿತ್ತು.

ತೊಳೆಯುವುದೂ ಬೇಡ ಅಂದೆ. ಐದು ಬಣ್ಣಗಳ ಮೇಲೆ ಒಂದೊಂದು ಹನಿ ನೀರು ಹಾಕಿ, ಬಿಳಿ ಒತ್ತುಕಾಗದ ಇಟ್ಟು, ಮೇಲೆ ಭಾರ ಹೇರಿ ಹತ್ತು ನಿಮಿಷ ಬಿಟ್ಟಿದ್ದೆ. ಮಂಜಿಷ್ಠದ ಕೆಂಪು ಬಿಡಲಿಲ್ಲ. ನೇರಳೆಗೆಂಪು ಬಿಟ್ಟಿತು, ಶಾಯಿಯಂತೂ ಹರಿದೇಹೋಯಿತು. ನೀರಿಗೆ ಹಾಕಿದ್ದರೆ ಬಿಳಿ ಹೂಗಳೆಲ್ಲ ಗುಲಾಬಿ ಆಗುತ್ತಿದ್ದವು.

ಗೆಳತಿಯ ಗಂಡನಿಗೆ ಇದು ಅಷ್ಟೊಂದು ಹಿಡಿಸಲಿಲ್ಲ. "ಹಾಗಾದರೆ ಇದನ್ನು ಹೀಗೇ ಹರಕಲಾಗಿ ಇಡಬೇಕಾ?" ಅಂದರು. ನ್ಯಾಯವಾದ ಪ್ರಶ್ನೆಯೇ. ಕನಿಷ್ಠ ಆ ಪಟ್ಟಿಯನ್ನಾದರೂ ಹೊಸದಾಗಿ ನೇಯಿಸಿ ನಡುವೆ ಸೇರಿಸಿ ಹೊಕ್ಕುಳು ಸರಿಮಾಡೋಣ ಅಂದರು. ಉತ್ತರ ಕೊಟ್ಟಿದ್ದು ಆನ್ನೆ. "ಸೇರಿಸಿದರೆ ಎಲ್ಲಿ ಹಾಸುತ್ತೀಯ? ಕೋಣೆ ಅಷ್ಟೇ ಇದೆಯಲ್ಲ." ಮಾತು ಅಲ್ಲಿಗೆ ಮುಗಿಯಿತು.

ಮೈಸೂರಿನ ಆಸೆ ಮಾತ್ರ ಉಳಿದಿತ್ತು. ಟರ್ಕಿಯಲ್ಲಿ 1983ರ 2863ನೇ ನಂಬರಿನ ಕಾನೂನು ಹಳೆಯ ವಸ್ತುಗಳನ್ನು ಕಾಯುತ್ತದೆ. ನೂರು ದಾಟಿದಂತೆ ಕಾಣುವ ಕಾರ್ಪೆಟ್ಟನ್ನು ಮ್ಯೂಸಿಯಂನವರು ನೋಡಿ, ಹೊರಗೆ ಹೋಗಬಹುದು ಎಂದು ಬರೆದುಕೊಡದೆ ದೇಶದಿಂದ ಒಯ್ಯುವಂತಿಲ್ಲ. ಅತ್ತೆ ಸೊಸೆಗೆ ಕೊಟ್ಟದ್ದು ಎಂದರೂ ನಡೆಯುವುದಿಲ್ಲ. ಹೊಸದು ಅಂತ ಬಿಲ್ ಮಾಡಿಸಿ ಕಳಿಸಬಹುದು ಎಂದು ಪರಿಚಯದವರೊಬ್ಬರು ಹೇಳಿದ್ದರಂತೆ. "ಅದು ಕಳ್ಳಸಾಗಣೆ ಕಣೇ, ಸಿಕ್ಕಿಬಿದ್ದರೆ ಕಾರ್ಪೆಟ್ಟೂ ಹೋಗುತ್ತೆ, ನೀನೂ ಹೋಗ್ತೀಯ" ಅಂದೆ. ಅವಳ ಮುಖ ಸಣ್ಣಗಾಯಿತು. ನನ್ನ ವರದಿಯಲ್ಲಿ ವಯಸ್ಸನ್ನು ಸ್ವಲ್ಪ ಕಡಿಮೆ ಬರೆಯಬಹುದಾ ಅಂತ ಕೇಳಲಿಲ್ಲ. ಕೇಳಬೇಕು ಅನ್ನಿಸಿದ್ದು ಮಾತ್ರ ಗೊತ್ತಾಯಿತು.

ಮಾಡಿದ ಕೆಲಸ ಇಷ್ಟು. ಮೊದಲು ನುಸಿ. ಎರಡೂ ಬದಿಗೆ ಬಲೆ ಬಟ್ಟೆ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಸಣ್ಣ ವೇಗದಲ್ಲಿ ಇಟ್ಟು ಧೂಳು ತೆಗೆದೆವು. ಅದಕ್ಕೇ ಅರ್ಧ ದಿನ ಹಿಡಿಯಿತು. ಆಮೇಲೆ ದಪ್ಪ ಕೊಳವೆಗೆ ಸುತ್ತಿ, ಎರಡು ಪದರ ಪಾಲಿಥೀನ್ ಹಾಕಿ ಅಂಟುಪಟ್ಟಿಯಿಂದ ಗಾಳಿ ಆಡದಂತೆ ಮುಚ್ಚಿದೆವು. ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡಬೇಕು. ಇಷ್ಟು ದೊಡ್ಡದಕ್ಕೆ ಫ್ರೀಜರ್ ಎಲ್ಲಿ? ನಾದಿನಿಯ ಗಂಡನ ಸ್ನೇಹಿತರದ್ದೊಂದು ಮೀನಿನ ಕೋಲ್ಡ್ ಸ್ಟೋರೇಜ್ ಇತ್ತು. ವಾಸನೆ ಹಿಡಿಯುತ್ತದೆ ಅಂತ ಆನ್ನೆ ಒಪ್ಪಲೇ ಇಲ್ಲ. ಕೊನೆಗೆ ಮೂರನೇ ಪದರ ಪಾಲಿಥೀನ್ ಹಾಕಿದ ಮೇಲೆ ಒಪ್ಪಿದರು. ಹೊರಗೆ ತಂದಮೇಲೆ ಒಂದು ಪೂರ್ತಿ ದಿನ ಬಿಚ್ಚಬಾರದು, ಬಿಚ್ಚಿದರೆ ತಣ್ಣಗಿನ ಉಣ್ಣೆಯ ಮೇಲೆ ನೀರು ಕೂರುತ್ತದೆ ಎಂದು ಬರೆದಿಟ್ಟು ಬಂದೆ. ದಿಂಬಿನ ಗವಸುಗಳು ಮನೆಯ ಫ್ರೀಜರಿನಲ್ಲೇ ಬಟಾಣಿ ಪೊಟ್ಟಣದ ಪಕ್ಕ ಮಲಗಿದವು.

ಹೊಲಿಗೆಯನ್ನು ಇಜ್ಮಿರ್‌ನಲ್ಲೇ ಇರುವ, ಸುಲ್ತಾನ್‌ಹಾನಿಯಲ್ಲಿ ಕಲಿತ ಒಬ್ಬ ಕುಶಲಕರ್ಮಿ ಮಾಡಿಕೊಟ್ಟರು. ಹತ್ತಿ ದಾರ ಬಿಚ್ಚಿ ಉಣ್ಣೆ ದಾರದಿಂದ ಹೊಲಿದು, ಹಿಂಬದಿಗೆ ಅಂಗೈಯಗಲದ ಲಿನನ್ ಪಟ್ಟಿ ಕೊಟ್ಟರು. ಗೆರೆ ಕಾಣದಂತೆ ಮಾಡಲಾ ಎಂದು ಕೇಳಿದ್ದರಂತೆ. ಕಾಣಲಿ ಅಂತ ಆನ್ನೆ ಹೇಳಿದರಂತೆ. ಶಾಯಿಯನ್ನು ಮುಟ್ಟಲಿಲ್ಲ, ಅದನ್ನು ತೆಗೆಯಲು ನೀರು ಬೇಕು. ಕೆಳಗೆ ದಪ್ಪ ಫೆಲ್ಟ್ ಹಾಸಿದರು. ಕಿಟಕಿಗೆ ಒಳಪರದೆ ಬಂತು. ಗಾಜಿನ ಕಪಾಟು ಪಕ್ಕದ ಕೋಣೆಗೆ ಹೋಯಿತು. ಆರು ತಿಂಗಳಿಗೊಮ್ಮೆ ಕಾರ್ಪೆಟ್ಟನ್ನು ತಿರುಗಿಸಿ ಹಾಸುತ್ತಾರೆ.

ಮ್ಯೂಸಿಯಂಗೆ ಇನ್ನೂ ಅರ್ಜಿ ಹಾಕಿಲ್ಲ. ದಿಂಬಿನ ಗವಸುಗಳು ನಾದಿನಿಯ ಮನೆಗೆ ವಾಪಸ್ಸು ಹೋಗಿವೆ. ಮೇ ತಿಂಗಳಲ್ಲಿ ಗೆಳತಿ ಒಂದು ಫೋಟೋ ಕಳಿಸಿದಳು. ಮೂಲೆಯಲ್ಲಿಟ್ಟಿದ್ದ ನುಸಿಯ ಅಂಟು ಬಲೆಯದು. ಒಂದು ಚಿಟ್ಟೆ ಅಂಟಿಕೊಂಡಿತ್ತು. ಕೋಣೆಯ ಇನ್ನುಳಿದ ಉಣ್ಣೆಯೆಲ್ಲ ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡಿ ಕಳಿಸು ಅಂದೆ. ಮಾವನವರ ಹಳೆಯ ಕೋಟು ಒಂದು ಸಂದೂಕದಲ್ಲಿದೆಯಂತೆ, ತೆಗೆಯಲು ಅತ್ತೆ ಬಿಡುತ್ತಿಲ್ಲವಂತೆ.